ಹೊರಡುವ ಮುಂಚೆ ಕೇಳಿ: ಹಳ್ಳ ಬಂದೈತೇನ್ರಿ?

ಪ್ರಶ್ನೆ: ನಾವು ಕೊಪ್ಪಳದವರು. ಮನೆಯಲ್ಲಿ ಆರು ಜನ. ತಾಯಿಗೆ 64 ವರ್ಷ, ಮೊಣಕಾಲು ನೋವಿದೆ. ಮಕ್ಕಳಿಗೆ 7 ಮತ್ತು 11 ವರ್ಷ. ಹೋದ ವರ್ಷ ಜುಲೈನ ಒಂದು ಭಾನುವಾರ ಕಬ್ಬರಗಿಯ ಕಪಿಲತೀರ್ಥ ಜಲಪಾತಕ್ಕೆ ಹೋದರೆ ಬಂಡೆ ಒಣಗಿ ನಿಂತಿತ್ತು. ಈ ಸಲ ಕಪಿಲತೀರ್ಥ, ಲಿಂಗಸುಗೂರು ಕಡೆಯ ಜಲದುರ್ಗ, ಸಂಡೂರಿನ ಗುಡ್ಡಗಳು, ಮೂರನ್ನೂ ನಮ್ಮ ಕಾರಿನಲ್ಲಿ ಒಂದೇ ದಿನ ನೋಡಿ ಬರಬೇಕೆಂದಿದ್ದೇವೆ. ಯಾವ ತಿಂಗಳು ಹೋಗಬೇಕು, ಯಾವುದನ್ನು ಮೊದಲು ನೋಡಬೇಕು? ನೀರಿದ್ದರೆ ಮಕ್ಕಳನ್ನು ಸ್ನಾನಕ್ಕೆ ಇಳಿಸಬಹುದೇ?

ಉತ್ತರ: ಮೂರೂ ಒಂದೇ ದಿನಕ್ಕೆ ಆಗುವುದಿಲ್ಲ. ಕಬ್ಬರಗಿ ನಿಮ್ಮ ಊರಿಗೆ ಉತ್ತರಕ್ಕಿದೆ. ಕುಷ್ಟಗಿ, ಹನುಮಸಾಗರ ದಾಟಿ ಹೋಗಲು ಹೆಚ್ಚುಕಡಿಮೆ 95 ಕಿ.ಮೀ. ಸಂಡೂರು ದಕ್ಷಿಣಕ್ಕಿದೆ, ಹೊಸಪೇಟೆ ಮೇಲೆ ಸುಮಾರು 65 ಕಿ.ಮೀ. ಜಲದುರ್ಗ ಈಶಾನ್ಯದಲ್ಲಿ ಕೃಷ್ಣಾ ದಂಡೆಯಲ್ಲಿದೆ, ಒಂದು ಕಡೆಗೇ 120 ಕಿ.ಮೀ. ಮೀರುತ್ತದೆ. ಮೂರನ್ನೂ ಪೋಣಿಸಿದರೆ ಹತ್ತು ತಾಸು ಕಾರಿನಲ್ಲೇ ಕಳೆಯುತ್ತೀರಿ, ತಾಯಿಯವರ ಮೊಣಕಾಲು ಮಧ್ಯಾಹ್ನಕ್ಕೇ ಬಿಗಿಯುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಮೂರು ಜಾಗಗಳಿಗೆ ನೀರು ಬರುವ ಹೊತ್ತೇ ಬೇರೆ ಬೇರೆ. ಒಂದರಲ್ಲಿ ನೀರು ಧುಮ್ಮಿಕ್ಕುವ ದಿನ ಇನ್ನೊಂದರಲ್ಲಿ ಬಂಡೆ ಒಣಗಿರಬಹುದು. ಹೋದ ವರ್ಷ ನಿಮಗೆ ಆದದ್ದು ಇದೇ. ನೀವು ಭಾನುವಾರ ನೋಡಿ ಹೊರಟಿರಿ. ನಮ್ಮ ಸೀಮೆಯಲ್ಲಿ ಜಲಪಾತಕ್ಕೆ ಹೋಗುವ ದಿನವನ್ನು ಗೊತ್ತುಮಾಡುವುದು ಹಳ್ಳ.

ಮಲೆನಾಡಿನ ಜಲಪಾತದ ಲೆಕ್ಕವನ್ನು ಇಲ್ಲಿಗೆ ತರಬಾರದು. ಅಲ್ಲಿ ದಟ್ಟ ಕಾಡು, ಆಳವಾದ ಮಣ್ಣು ಮಳೆನೀರನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಬಿಟ್ಟುಕೊಡುತ್ತವೆ. ನಮ್ಮ ಗುಡ್ಡಗಳ ಮೇಲೆ ಗೇಣುದ್ದದ ಮಣ್ಣು, ಕುರುಚಲು ಗಿಡ, ಉಳಿದದ್ದೆಲ್ಲ ಬರೀ ಕಲ್ಲು. ಬಿದ್ದ ಮಳೆ ನಿಲ್ಲದೆ ಜಾರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಚದರ ಕಿಲೋಮೀಟರ್ ಗುಡ್ಡದ ಮೇಲೆ 40 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು ನೀರು 4 ಕೋಟಿ ಲೀಟರ್. ಅದರಲ್ಲಿ ಮೂರನೇ ಒಂದು ಪಾಲು ಹಳ್ಳಕ್ಕೆ ಇಳಿಯಿತೆನ್ನಿ, 1 ಕೋಟಿ 33 ಲಕ್ಷ ಲೀಟರ್ ಆಯಿತು. ಕಣ್ತುಂಬ ನೋಡುವಂಥ ಧಾರೆ ಬೇಕೆಂದರೆ ಸೆಕೆಂಡಿಗೆ 300 ಲೀಟರ್ ಆದರೂ ಬೀಳಬೇಕು. ಆ ಲೆಕ್ಕದಲ್ಲಿ ಇಷ್ಟೂ ನೀರು ಹನ್ನೆರಡು ತಾಸಿಗೆ ಮುಗಿದುಹೋಗುತ್ತದೆ. ನಿಜದಲ್ಲಿ ಅದು ಒಂದೇ ಸಮ ಹರಿಯುವುದೂ ಇಲ್ಲ. ಮೊದಲ ಎರಡು ಮೂರು ತಾಸು ಕೆಂಪಗೆ ರಭಸದಿಂದ ಬಂದು, ಆಮೇಲೆ ತಿಳಿಯಾಗುತ್ತ, ಸಣ್ಣಗಾಗುತ್ತ ಹೋಗುತ್ತದೆ. ಜಲಾನಯನ ನಾಲ್ಕೈದು ಚದರ ಕಿಲೋಮೀಟರ್ ಇದ್ದರೆ ಒಂದೆರಡು ದಿನ ಹೆಚ್ಚು ಸಿಗಬಹುದು, ಅಷ್ಟೆ.

ಕಪಿಲತೀರ್ಥ ಇಂಥ ಮಳೆಹಳ್ಳದ ಜಲಪಾತ. ಲಿಂಗಸುಗೂರು ತಾಲ್ಲೂಕಿನ ಗುಂಡಲಬಂಡೆಯೂ ಇದೇ ಜಾತಿ. ಬಾದಾಮಿಯಲ್ಲಿ ಭೂತನಾಥ ಗುಡಿಯ ಕೆರೆಗೆ ಬೀಳುವ ಅಕ್ಕ-ತಂಗಿ ಜಲಪಾತ ಕೂಡ ಹೀಗೆಯೇ, ಮಳೆ ನಿಂತರೆ ಬಂಡೆಯ ಮೇಲೆ ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಜಲದುರ್ಗದ ಸಂಗತಿ ಬೇರೆ. ಅಲ್ಲಿ ಕೃಷ್ಣೆ ಕವಲೊಡೆದು ಕೋಟೆಯ ಗುಡ್ಡವನ್ನು ಬಳಸಿ ಬಂಡೆಗಳ ನಡುವೆ ಇಳಿಯುತ್ತಾಳೆ. ಆ ನೀರು ನಮ್ಮ ಊರಿನ ಮಳೆಯದಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಸುರಿದು, ಆಲಮಟ್ಟಿ ತುಂಬಿ, ನಾರಾಯಣಪುರದ ಬಸವಸಾಗರದಿಂದ ಬಿಟ್ಟಾಗ ಮಾತ್ರ ಅದು ಬರುತ್ತದೆ. ಕೊಪ್ಪಳದಲ್ಲಿ ಹನಿ ಬೀಳದ ದಿನವೂ ಅಲ್ಲಿ ಪ್ರವಾಹ ಇರಬಹುದು. ಸಂಡೂರಿನ ಹರಿಶಂಕರ ಮೂರನೆಯ ಬಗೆ. ಅದು ಗುಡ್ಡದೊಳಗಿಂದ ವರ್ಷವಿಡೀ ಒಸರುವ ಊಟೆ. ಅಬ್ಬರವಿಲ್ಲ, ಬೇಸಿಗೆಯಲ್ಲೂ ಕೈಕೊಡುವುದಿಲ್ಲ.

ತಿಂಗಳಿನ ವಿಷಯಕ್ಕೆ ಬರೋಣ. ಬಳ್ಳಾರಿ, ಕೊಪ್ಪಳ, ರಾಯಚೂರು ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿವೆ. ಜೂನ್, ಜುಲೈನಲ್ಲಿ ಇಲ್ಲಿ ಗಾಳಿ ಜಾಸ್ತಿ, ಮೋಡ ಜಾಸ್ತಿ, ಮಳೆ ಬರೀ ತುಂತುರು. ಅದು ಬಿತ್ತನೆಗೆ ಸಾಕಾದೀತು, ಹಳ್ಳ ಹರಿಸಲು ಸಾಲದು. ಸಾಮಾನ್ಯವಾಗಿ ಇಲ್ಲಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆಗಿನ ಮಳೆಯ ಸ್ವಭಾವವೇ ಬೇರೆ: ಹಗಲೆಲ್ಲ ಬಿಸಿಲು ಕಾದು, ಇಳಿಹೊತ್ತಿಗೆ ಮೋಡ ಕಟ್ಟಿ, ಸಂಜೆಯೋ ರಾತ್ರಿಯೋ ಗುಡುಗು ಸಿಡಿಲಿನೊಂದಿಗೆ ಒಂದೇ ಏಟಿಗೆ ಸುರಿದುಹೋಗುತ್ತದೆ. ಹಾಗಾಗಿ ನೀವು ಆರಿಸಬೇಕಾದದ್ದು ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ಆರೇಳು ವಾರ. ‘ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು’ ಎಂದು ಗಾಂಧೀಜಿ ಹೇಳಿದರೆನ್ನುವ ಮಾತು ಆ ಊರಿನಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಯಾರೇ ಹೇಳಿರಲಿ, ಹವಾಮಾನದ ಪ್ರಕಾರ ಅದು ಸರಿಯಾದ ಮಾತು.

ದಿನವನ್ನು ಹೇಗೆ ಜೋಡಿಸಬೇಕು ಎನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ಮಳೆ ಸಂಜೆ, ರಾತ್ರಿ ಬೀಳುವುದರಿಂದ ಜಲಪಾತ ಚೆನ್ನಾಗಿರುವುದು ಮರುದಿನ ಬೆಳಿಗ್ಗೆ. ಮುಂದಿನ ಗುಡುಗು ಮಳೆ ಮತ್ತೆ ಮಧ್ಯಾಹ್ನ ಮೂರರ ಮೇಲೆ. ಅಂದರೆ ನೀರಿನ ಜಾಗ ಬೆಳಿಗ್ಗೆಯೇ ಮುಗಿಯಬೇಕು, ಎತ್ತರದ ಬೋಳು ಗುಡ್ಡದಿಂದ ಮೂರು ಗಂಟೆಯೊಳಗೆ ಇಳಿದಿರಬೇಕು, ಸಂಜೆಗೆ ಡಾಂಬರು ರಸ್ತೆಯ ಪಕ್ಕದ ಜಾಗ ಇಟ್ಟುಕೊಳ್ಳಬೇಕು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಬೆಳಿಗ್ಗೆ ಗುಡಿ, ತಿಂಡಿ, ಫೋಟೊ ಎಂದು ಕಳೆದು ನಾಲ್ಕು ಗಂಟೆಗೆ ಹಳ್ಳಕ್ಕೆ ಇಳಿಯುತ್ತಾರೆ. ಹಳ್ಳ ಹಠಾತ್ತನೆ ಬರುವ ಹೊತ್ತು ಅದೇ.

ಇನ್ನು ಶನಿವಾರ ಸಂಜೆಯ ಕೆಲಸ. ಮೊಬೈಲ್‌ನಲ್ಲಿ ಕೊಪ್ಪಳದ ಮಳೆ ನೋಡಿ ನಿರ್ಧರಿಸಬೇಡಿ. ಸೆಪ್ಟೆಂಬರ್ ಮಳೆ ಒಂದು ಹೋಬಳಿಯಲ್ಲಿ ಸುರಿದು ಪಕ್ಕದ ಹೋಬಳಿಯನ್ನು ಒಣಗಿಸಿ ಬಿಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆ ಅಂಕಿ ಕೊಡುತ್ತದೆ, ಅದರಲ್ಲಿ ಹನುಮಸಾಗರ ಹೋಬಳಿಯನ್ನು ನೋಡಿ. ಹಿಂದಿನ ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಬಿದ್ದು ನೆಲ ನೆನೆದಿದ್ದರೆ 30 ಮಿಲಿಮೀಟರ್‌ನ ಒಂದು ಮಳೆ ಸಾಕು. ನೆಲ ಒಣಗಿದ್ದರೆ 50 ಬಿದ್ದರೂ ಅರ್ಧ ಭೂಮಿಗೇ ಇಳಿಯುತ್ತದೆ. ಅಂಕಿಗಿಂತ ನಂಬಿಕಸ್ಥವಾದದ್ದು ಒಂದು ಫೋನು. ಹನುಮಸಾಗರ ಅಥವಾ ಕಬ್ಬರಗಿ ಕಡೆಯ ಪರಿಚಯದವರಿಗೆ, ಚಹಾ ಅಂಗಡಿಯವರಿಗೆ, ಕೊಪ್ಪಳದಲ್ಲೇ ಇರುವ ಆ ಊರಿನ ನೆಂಟರಿಗೆ ಕೇಳಿ. ‘ಮಳಿ ಆಗೈತೇನ್ರಿ’ ಎಂದು ಕೇಳಿದರೆ ನಾಲ್ಕು ಹನಿ ಬಿದ್ದಿದ್ದರೂ ಹೌದು ಅನ್ನುತ್ತಾರೆ. ಕೇಳಬೇಕಾದ ಮಾತು ಬೇರೆ: ‘ಹಳ್ಳ ಬಂದೈತೇನ್ರಿ? ಯಾವಾಗ ಬಂತು? ಈಗ ನೀರು ತಿಳಿ ಆಗೈತೇನು?’ ರಾತ್ರಿ ಬಂದು ಬೆಳಿಗ್ಗೆ ತಿಳಿಯಾಗಿದ್ದರೆ ನಿಮ್ಮ ದಿನ ಅದೇ. ಈಗ ತಾನೇ ಕೆಂಪಗೆ ಬರುತ್ತಿದೆ ಎಂದರೆ ಹೋಗಬೇಡಿ. ಮೂರು ದಿನದ ಹಿಂದೆ ಬಂದು ಹೋಯಿತು ಎಂದರೂ ಹೋಗಬೇಡಿ, ಸಂಡೂರಿಗೆ ಹೊರಡಿ.

ಹಳ್ಳ ಬಂದ ಭಾನುವಾರದ ಓಡಾಟ ಹೀಗಿರಲಿ. ಬೆಳಿಗ್ಗೆ ಆರಕ್ಕೆ ಕೊಪ್ಪಳ ಬಿಡಿ. ಕುಷ್ಟಗಿಯಲ್ಲಿ ಹತ್ತು ನಿಮಿಷ ನಿಂತು ಪೆಟ್ರೋಲ್, ಚಹಾ, ಮಕ್ಕಳ ಶೌಚ ಮುಗಿಸಿಕೊಳ್ಳಿ, ಮುಂದೆ ಹಳ್ಳಿಗಳಲ್ಲಿ ಆ ಅನುಕೂಲ ಕಷ್ಟ. ಎಂಟೂವರೆಯ ಹೊತ್ತಿಗೆ ಕಬ್ಬರಗಿ ಮುಟ್ಟುತ್ತೀರಿ. ಕಾರು ಎಲ್ಲಿವರೆಗೆ ಹೋಗಬಹುದು ಎನ್ನುವುದನ್ನು ಅಂದಿನ ನೆಲ ನೋಡಿಯೇ ನಿರ್ಧರಿಸಿ. ಮಸಾರಿ, ಅಂದರೆ ಕೆಂಪು ಮಣ್ಣಿನ, ನೆಲದ ದಾರಿ ಮಳೆ ನಿಂತ ಎರಡು ಮೂರು ತಾಸಿಗೆ ಗಟ್ಟಿಯಾಗುತ್ತದೆ. ಎರೆ, ಅಂದರೆ ಕಪ್ಪು ಮಣ್ಣಿನ, ನೆಲ ಮರುದಿನವೂ ಬಿಡುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಅಂಟು ಹಾಗೇ ಇರುತ್ತದೆ, ಆರು ಜನ ತುಂಬಿದ ಕಾರು ಗಾಲಿಯ ಅರ್ಧಕ್ಕೆ ಹೂತುಬಿಡುತ್ತದೆ. ಅನುಮಾನ ಬಂದರೆ ಇಳಿದು ಹಿಮ್ಮಡಿ ಒತ್ತಿ ನೋಡಿ. ಒಂದು ಇಂಚಿಗಿಂತ ಹೆಚ್ಚು ಇಳಿದರೆ ಕಾರು ಡಾಂಬರಿನ ಮೇಲೇ ಇರಲಿ. ಒಂದು ವೇಳೆ ಸಿಕ್ಕಿಕೊಂಡರೆ ಎಕ್ಸಲೇಟರ್ ಒತ್ತಿ ಗಾಲಿ ತಿರುಗಿಸಬೇಡಿ, ತಿರುಗಿದಷ್ಟೂ ಕುಳಿ ಆಳವಾಗುತ್ತದೆ. ಎಲ್ಲರೂ ಇಳಿದು, ಎಳೆಯುವ ಗಾಲಿಗಳ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ, ಗಾಲಿಯ ಮುಂದೆ ಚಪ್ಪಟೆ ಕಲ್ಲು, ತೊಗರಿ ಕಟ್ಟಿಗೆ, ಹಳೆ ಚೀಲ ಕೊಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ. ಮುಂದಿನ ಪಂಕ್ಚರ್ ಅಂಗಡಿಯವರೆಗೆ ನಿಧಾನಕ್ಕೆ ಓಡಿಸಿ ಗಾಳಿ ತುಂಬಿಸಿಕೊಳ್ಳಿ.

ದಾರಿಯಲ್ಲಿ ನೆಲಮಟ್ಟದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ನಿಲ್ಲಿ. ಅರ್ಧ ಅಡಿ ರಭಸದ ನೀರು ನಿಂತ ಮನುಷ್ಯನನ್ನು ಕೆಡವುತ್ತದೆ, ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ, ಎರಡು ಅಡಿ ದೊಡ್ಡ ಗಾಡಿಯನ್ನೂ ಒಯ್ಯುತ್ತದೆ. ಮುಂದಿನ ಟ್ರ್ಯಾಕ್ಟರ್ ದಾಟಿತು ಎಂದು ಅದರ ಹಿಂದೆ ಕಾರು ಬಿಡುವುದು ದೊಡ್ಡ ತಪ್ಪು. ಟ್ರ್ಯಾಕ್ಟರಿಗೆ ತೂಕವಿದೆ, ಎತ್ತರವಿದೆ, ಹೊಟ್ಟೆಯ ಕೆಳಗೆ ನೀರು ಹಾದುಹೋಗಲು ಜಾಗವಿದೆ, ಕಾರಿಗೆ ಇವು ಮೂರೂ ಇಲ್ಲ. ಮಳೆಹಳ್ಳದ ನೀರು ಒಂದೆರಡು ತಾಸಿಗೆ ಇಳಿಯುತ್ತದೆ, ಕಾಯಿರಿ.

ಜಲಪಾತದ ಹತ್ತಿರ ಮೊದಲು ನೋಡಬೇಕಾದದ್ದು ಬಂಡೆಯನ್ನು. ಬಾದಾಮಿ ಕಡೆಯಿಂದ ಚಾಚಿ ಬಂದ ಮರಳುಗಲ್ಲಿನ ಗುಡ್ಡಗಳಲ್ಲಿ ಕಲ್ಲು ಪದರ ಪದರವಾಗಿ ಕೂತಿರುತ್ತದೆ. ಮೇಲಿನ ಪದರ ಗಟ್ಟಿ, ಕೆಳಗಿನದು ಮೆದು. ಬಿದ್ದ ನೀರಿನ ಸಿಡಿತಕ್ಕೆ ಕೆಳಗಿನದು ಸವೆದು ಒಳಗೆ ಸರಿಯುತ್ತದೆ, ಮೇಲಿನದು ಸೂರಿನ ಹಾಗೆ ಮುಂದಕ್ಕೆ ಚಾಚಿ ಉಳಿಯುತ್ತದೆ. ಮೇಲೆ ನಿಂತವರಿಗೆ ಕಾಲ ಕೆಳಗೆ ಪೊಳ್ಳಿದೆ ಎಂದು ಗೊತ್ತಾಗುವುದಿಲ್ಲ. ತುದಿಗೆ ಸಮಾನಾಂತರವಾಗಿ ಬಂಡೆಯಲ್ಲಿ ಬಿರುಕು ಕಂಡರೆ ಆ ಬಿರುಕಿನ ಆಚೆಯ ಕಲ್ಲು ಎಂದಾದರೂ ಕಳಚಿ ಬೀಳುವಂಥದ್ದು. ಹಾಗಾಗಿ ತುದಿಯಿಂದ ಮೂರು ಮೀಟರ್, ಅಂದರೆ ದೊಡ್ಡವರ ನಾಲ್ಕು ಹೆಜ್ಜೆ, ಹಿಂದೆಯೇ ನಿಲ್ಲಿ. ಮಕ್ಕಳಿಗೆ ಆ ಗೆರೆಯನ್ನು ಕಲ್ಲಿಟ್ಟು ತೋರಿಸಿ. ನಿಮ್ಮ ಹಿರಿಯ ಮಗು ಫೋಟೊಕ್ಕೆ ಹಿಂದೆ ಹಿಂದೆ ಸರಿಯುವ ವಯಸ್ಸಿನದು, ಫೋಟೊ ತೆಗೆಯುವವರು ತಾವೇ ಓಡಾಡಿ ಚೌಕಟ್ಟು ಹೊಂದಿಸಿಕೊಳ್ಳಲಿ. ಇದೇ ಕಾರಣಕ್ಕೆ ಜಲಪಾತದ ಹಿಂದಿನ ಗವಿಯಂಥ ಜಾಗದಲ್ಲಿ, ಮಳೆಯಾದ ಮರುದಿನ, ಕೂತು ಊಟ ಮಾಡಬೇಡಿ. ನೆನೆದ ಚಾವಣಿಯಿಂದ ಚಕ್ಕೆ ಕಳಚುವುದು ಆಗಲೇ.

ಎರಡನೆಯದು ಕಾಲಿಡುವ ಜಾಗ. ಒಣಗಿದ ಮರಳುಗಲ್ಲು ಉಜ್ಜುಕಾಗದದ ಹಾಗೆ ಕಾಲು ಹಿಡಿಯುತ್ತದೆ. ಅದೇ ಕಲ್ಲು ಹಳ್ಳದ ಅಂಚಿನಲ್ಲಿ ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಅದು ಪಾಚಿ, ಸಾಬೂನು ಬಳಿದಂತೆ ಜಾರುತ್ತದೆ. ನೀರು ಹರಿಯುವ ಜಾಗಕ್ಕಿಂತ ನೀರು ಜಿನುಗುವ ಜಾಗ ಹೆಚ್ಚು ಅಪಾಯ, ಅಲ್ಲಿ ಪಾಚಿ ಬೆಳೆಯಲು ಪುರುಸೊತ್ತು ಸಿಕ್ಕಿರುತ್ತದೆ. ಹವಾಯಿ ಚಪ್ಪಲಿ, ಪ್ಲಾಸ್ಟಿಕ್ ಚಪ್ಪಲಿ ಬೇಡವೇ ಬೇಡ. ಹಿಂಬದಿ ಪಟ್ಟಿ ಇರುವ ರಬ್ಬರ್ ತಳದ ಸ್ಯಾಂಡಲ್, ಇಲ್ಲವೇ ಮಕ್ಕಳ ಶಾಲೆಯ ಬಿಳಿ ಕ್ಯಾನ್ವಾಸ್ ಬೂಟು ಸಾಕು. ತಾಯಿಯವರಿಗೆ ಹತ್ತುವುದಕ್ಕಿಂತ ಇಳಿಯುವಾಗ ನೋವು ಜಾಸ್ತಿ ಆಗುತ್ತದೆ, ಇಳಿಯುವಾಗ ಮೈಭಾರವೆಲ್ಲ ಬಾಗಿದ ಮೊಣಕಾಲಿನ ಮೇಲೆ ಬೀಳುವುದರಿಂದ. ರಬ್ಬರ್ ಬುಡದ ಊರುಗೋಲು ಇರಲಿ, ಇಳಿಜಾರಿನಲ್ಲಿ ಅಡ್ಡಲಾಗಿ ತಿರುಗಿ ಒಂದೊಂದೇ ಹೆಜ್ಜೆ ಇಳಿಯಲಿ, ಒಬ್ಬರು ಅವರ ಕೆಳಗಡೆ ನಿಂತಿರಲಿ. ಅವರು ಕೆಳಗೆ ಇಳಿಯಲೇಬೇಕೆಂಬ ಹಟ ಬೇಡ. ನೀರಿನ ಸದ್ದು ಕೇಳುವ, ನೆರಳಿರುವ ಜಾಗದಲ್ಲಿ ಒಂದು ಜಮಖಾನೆ ಹಾಸಿಕೊಟ್ಟರೆ ಅವರ ದಿನವೂ ಚೆನ್ನಾಗಿರುತ್ತದೆ.

ಸ್ನಾನದ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಕೇಳದೆ ಇಳಿಯುವವರೇ ಹೆಚ್ಚು. ಮಕ್ಕಳನ್ನು ಜಲಪಾತದ ಬುಡದ ಮಡುವಿಗೆ ಇಳಿಸಬೇಡಿ. ಬೀಳುವ ನೀರು ಬುಡದಲ್ಲಿ ಬಾಣಲೆಯ ಹಾಗೆ ಕುಳಿ ಕೊರೆದಿರುತ್ತದೆ. ಅಂಚಿನಲ್ಲಿ ಮೊಣಕಾಲುದ್ದ ಇದ್ದ ನೀರು ಎರಡು ಹೆಜ್ಜೆಗೆ ಆಳೆತ್ತರ ಆಗಬಹುದು. ಕೆಂಪು ನೀರಿನಲ್ಲಿ ತಳ ಕಾಣುವುದಿಲ್ಲ, ಹೋದ ಮಳೆಗೆ ಉರುಳಿ ಬಂದ ಬಂಡೆ ಎಲ್ಲಿ ಕೂತಿದೆ ಎಂದು ಊರಿನವರಿಗೂ ಗೊತ್ತಿರುವುದಿಲ್ಲ. ನೊರೆಯಿರುವ ನೀರಿನಲ್ಲಿ ಅರ್ಧ ಗಾಳಿಯೇ ತುಂಬಿರುವುದರಿಂದ ಈಜು ಬಲ್ಲವರ ಮೈಯನ್ನೂ ಅದು ಎತ್ತಿ ಹಿಡಿಯುವುದಿಲ್ಲ. ಮಕ್ಕಳ ಆಸೆಗೆ ಬೇರೆ ದಾರಿಯಿದೆ. ಧಾರೆಯಿಂದ ಸಾಕಷ್ಟು ಕೆಳಗೆ, ನೀರು ಅಗಲವಾಗಿ ಹರಡಿ ಕಣಕಾಲುದ್ದ ತಿಳಿಯಾಗಿ ಹರಿಯುವ, ತಳದ ಮರಳು ಕಾಣುವ ಜಾಗ ಹುಡುಕಿ. ಮೊದಲು ದೊಡ್ಡವರೊಬ್ಬರು ಕೋಲಿನಿಂದ ಒತ್ತುತ್ತ ನಡೆದು ನೋಡಲಿ. ಆಮೇಲೆ ಒಂದು ಮಗುವಿಗೆ ಒಬ್ಬ ದೊಡ್ಡವರಂತೆ, ಕೈಗೆಟಕುವ ದೂರದಲ್ಲಿ, ಆಡಿಸಿ.

ಆಗಲೂ ಒಬ್ಬರು ಆಡದೆ ಮೇಲ್ಗಡೆಯ ಹರಿವನ್ನೇ ನೋಡುತ್ತಿರಬೇಕು. ತಿಳಿಯಿದ್ದ ನೀರು ರಾಡಿಯಾಯಿತು, ಎಲೆ, ಕಸಕಡ್ಡಿ ಒಟ್ಟೊಟ್ಟಿಗೆ ತೇಲಿ ಬಂದವು, ಎಲ್ಲೋ ಲಾರಿ ಹೋಗುತ್ತಿರುವಂಥ ಗುಡುಗುಟ್ಟುವ ಸದ್ದು ಕೇಳಿತು, ಹಳ್ಳದ ಕಲ್ಲಿಗೆ ಇಟ್ಟ ಗುರುತು ಮುಳುಗಿತು, ಇವುಗಳಲ್ಲಿ ಒಂದು ಆದರೂ ಸಾಕು. ಸಾಮಾನು ಬಿಟ್ಟು ದಂಡೆಯ ಮೇಲಕ್ಕೆ ಹತ್ತಿ. ಹಳ್ಳದ ಗುಂಟ ಓಡಬೇಡಿ, ನೀರು ನಿಮಗಿಂತ ಬೇಗ ಓಡುತ್ತದೆ. ತಲೆ ಮೇಲೆ ಬಿಸಿಲಿರುವಾಗಲೂ ಇದು ಆಗಬಹುದು, ಮಳೆ ಗುಡ್ಡದ ಆಚೆ ಬಿದ್ದಿರುತ್ತದೆ. ಕಾರಿನ ಡಿಕ್ಕಿಯಲ್ಲಿ 15 ಮೀಟರ್ ನೈಲಾನ್ ಹಗ್ಗ, ಅದರ ತುದಿಗೆ ಕಟ್ಟಿದ ಮುಚ್ಚಳ ಬಿಗಿದ ಖಾಲಿ 5 ಲೀಟರ್ ಕ್ಯಾನು ಇರಲಿ. ಯಾರಾದರೂ ನೀರಿಗೆ ಬಿದ್ದರೆ ಇದನ್ನು ಎಸೆಯಬೇಕು. ಒಬ್ಬರ ಹಿಂದೆ ಒಬ್ಬರು ಹಾರುವುದರಿಂದಲೇ ಒಂದು ಸಾವಿನ ಜಾಗದಲ್ಲಿ ಮೂರಾಗುತ್ತವೆ. ತುರ್ತಿಗೆ 112.

ಹತ್ತೂವರೆಗೆ ಅಲ್ಲಿಂದ ಎದ್ದರೆ ಹನುಮಸಾಗರದ ಹತ್ತಿರದ ಚಂದಾಲಿಂಗನ ಗುಡಿ ನೋಡಿಕೊಂಡು ಊಟ ಮುಗಿಸಬಹುದು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು. ಒಬ್ಬರಿಗೆ 3 ಲೀಟರ್ ಲೆಕ್ಕದಲ್ಲಿ ಕುಡಿಯುವ ನೀರು ಮನೆಯಿಂದಲೇ ತನ್ನಿ, ಹಳ್ಳದ ನೀರು ಎಷ್ಟೇ ತಿಳಿಯಿದ್ದರೂ ಮೇಲೆ ದನ ಕುರಿ ಮೇಯುವ ನೆಲದಿಂದ ಬಂದದ್ದು. ನಾಲ್ಕರೊಳಗೆ ಕೊಪ್ಪಳಕ್ಕೆ ವಾಪಸ್.

ಹಳ್ಳ ಬರದ ಭಾನುವಾರ ಸಂಡೂರಿಗೆ. ಮಕ್ಕಳಿಗೆ ‘ಜಲಪಾತ ಇಲ್ಲ’ ಎಂದು ಬೇಸರ ಮಾಡಿಸಬೇಡಿ, ಕಲ್ಲಿನ ಮಟ್ಟಿಗೆ ಇದು ನಮ್ಮ ಸೀಮೆಯ ಅತಿ ಚೆಲುವಾದ ಜಾಗ. ಕೊಪ್ಪಳ, ಆನೆಗುಂದಿ, ಬಳ್ಳಾರಿಗಳಲ್ಲಿ ನಾವು ದಿನಾ ನೋಡುವ ಗುಂಡು ಗುಂಡಾದ ಕಣಶಿಲೆಯ (ಗ್ರಾನೈಟ್) ಗುಡ್ಡಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇಲ್ಲಿಯದು ಕಬ್ಬಿಣದ ಅದಿರಿನ ಪಟ್ಟೆಶಿಲೆ. ಕೆಂಪು, ಕಪ್ಪು, ಬೂದು ಗೆರೆಗಳು ಇಳಕಲ್ ಸೀರೆಯ ಅಂಚಿನ ಹಾಗೆ ಒಂದರ ಮೇಲೊಂದು ಬರುತ್ತವೆ, ಕೆಲವು ಕಡೆ ಮಡಚಿ ತಿರುಚಿಕೊಂಡಿರುತ್ತವೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಗಸಿ ಅದು. ಎರಡು ಗುಡ್ಡಸಾಲುಗಳ ನಡುವೆ ಕಣಿವೆ, ಕಣಿವೆಯಲ್ಲಿ ನಾರಿಹಳ್ಳ. ಆ ಹಳ್ಳ ಉಬ್ಬಳಗಂಡಿ, ಭೀಮಗಂಡಿ ಎಂಬ ಎರಡು ಕಡೆ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ಇಕ್ಕಟ್ಟಾದ ಗಂಡಿಯ ಎರಡೂ ಬದಿಗೆ ಕಡಿದಾದ ಗೋಡೆಗಳು. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಬಣ್ಣವೆಲ್ಲ ಒಂದೇ ಕಂದಾಗಿ ಕಾಣುತ್ತದೆ. ಒಂಬತ್ತರೊಳಗೆ, ಇಲ್ಲವೇ ನಾಲ್ಕರ ಮೇಲೆ, ಓರೆ ಬಿಸಿಲು ಬಿದ್ದಾಗ ಪಟ್ಟೆಗಳು ಎದ್ದು ಬರುತ್ತವೆ.

ಕೊಪ್ಪಳದಿಂದ ಆರಕ್ಕೇ ಹೊರಟರೆ ಏಳೂವರೆ ಎಂಟಕ್ಕೆ ಸಂಡೂರು. ತಡಮಾಡಿದರೆ ಅದಿರು ಲಾರಿಗಳ ಸಾಲು ಸಿಗುತ್ತದೆ. ಆ ರಸ್ತೆಯಲ್ಲಿ ಕಿಟಕಿ ಏರಿಸಿ, ಎಸಿಯನ್ನು ಒಳಗಿನ ಗಾಳಿಯೇ ಸುತ್ತುವಂತೆ ಇಡಿ. ಮಳೆಯಾದಾಗ ಆ ಕೆಂಪು ದೂಳು ಡಾಂಬರಿನ ಮೇಲೆ ತೆಳು ರಾಡಿಯಾಗಿ ಬ್ರೇಕು ಹಿಡಿಯದಂತೆ ಮಾಡುತ್ತದೆ, ಮುಂದಿನ ಗಾಡಿಗೂ ನಿಮಗೂ ಮಾಮೂಲಿಗಿಂತ ದುಪ್ಪಟ್ಟು ಅಂತರ ಬಿಡಿ. ಗಣಿ ಗುತ್ತಿಗೆಯ ಜಾಗಗಳಿಗೆ, ದಾರಿ ತೆರೆದಿದ್ದಂತೆ ಕಂಡರೂ, ತಿರುಗಬೇಡಿ. ಅಲ್ಲಿನ ದಿಬ್ಬಗಳು ಸಡಿಲ ಮಣ್ಣಿನವು. ಕಾಡಿನೊಳಗೆ ನಡೆದು ಹೋಗುವ ಆಸೆ ಇದ್ದರೆ ಮುಂಚಿತವಾಗಿ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಚಿರತೆ, ಕರಡಿ ಇರುವ ಕಾಡು, ನಸುಕು ಮತ್ತು ಮುಸ್ಸಂಜೆ ಅವುಗಳ ಹೊತ್ತು.

ಬೆಳಗಿನ ಓರೆ ಬಿಸಿಲಿಗೆ ಗಂಡಿ ನೋಡಿ, ಹತ್ತಕ್ಕೆ ಕುಮಾರಸ್ವಾಮಿ ಬೆಟ್ಟದ ರಸ್ತೆ ಹಿಡಿಯಿರಿ. ಹರಿಶಂಕರ ತೀರ್ಥದಲ್ಲಿ ಮಕ್ಕಳ ಸ್ನಾನದ ಆಸೆ ತೀರಿಸಬಹುದು, ಮಡುವಿನ ಭಯವಿಲ್ಲದೆ ಮೈಮೇಲೆ ನೀರು ಬೀಳುವ ಜಾಗ ಅದು. ಸಾಬೂನು ಹಚ್ಚಬೇಡಿ, ಜನ ಆ ನೀರನ್ನು ತೀರ್ಥವೆಂದು ಒಯ್ಯುತ್ತಾರೆ. ಮೇಲೆ ಬೆಟ್ಟದಲ್ಲಿ ಕುಮಾರಸ್ವಾಮಿ ಮತ್ತು ಪಾರ್ವತಿ ಗುಡಿಗಳು, ಸಾವಿರ ವರ್ಷಕ್ಕೂ ಹಳೆಯವು. ಕುಮಾರಸ್ವಾಮಿಯ ಗುಡಿಯೊಳಗೆ ಹೆಂಗಸರು ಹೋಗುವ ಪದ್ಧತಿ ಇಲ್ಲ, ಪಾರ್ವತಿ ಗುಡಿಗೆ ಎಲ್ಲರೂ ಹೋಗುತ್ತಾರೆ. ಇದನ್ನು ತಾಯಿಯವರಿಗೆ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ, ಬಾಗಿಲಲ್ಲಿ ನಿಂತು ತಿಳಿದರೆ ಮನಸ್ಸಿಗೆ ಬೇಸರವಾಗುತ್ತದೆ. ಕಾರು ಹತ್ತಿರದವರೆಗೂ ಹೋಗುವುದರಿಂದ ಮೊಣಕಾಲಿಗೆ ಈ ದಾರಿಯೇ ಹಗುರ. ಮಕ್ಕಳು ರಸ್ತೆ ಬಿಟ್ಟು ಇಳಿಜಾರಿಗೆ ಓಡದಂತೆ ನೋಡಿಕೊಳ್ಳಿ. ಅದಿರಿನ ಸಣ್ಣ ದುಂಡು ಗರಸು ಗೋಲಿಗಳ ಹಾಗೆ ಕಾಲ ಕೆಳಗೆ ಉರುಳುತ್ತದೆ, ಇಲ್ಲಿ ಜಾರಿ ಬೀಳಲು ನೀರೇ ಬೇಕಿಲ್ಲ.

ಎರಡೂವರೆಗೆ ಬೆಟ್ಟ ಇಳಿಯಿರಿ. ಮೋಡ ಕಟ್ಟಿದ್ದರೆ ಇನ್ನೂ ಬೇಗ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ ಎಂದರ್ಥ, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಳ್ಳಿ, ಒಂಟಿ ಮರದ ಕೆಳಗೆ ಬೇಡ. ದಾಮಿನಿ ಆ್ಯಪ್ ಹತ್ತಿರದ ಸಿಡಿಲನ್ನು ಮುಂಚೆಯೇ ತಿಳಿಸುತ್ತದೆ. ಆಮೇಲೆ ತಾರಾನಗರದ ಬಳಿಯ ನಾರಿಹಳ್ಳ ಜಲಾಶಯ. ಸೆಪ್ಟೆಂಬರ್‌ನಲ್ಲಿ ಹಸಿರು ಗುಡ್ಡ, ಕೆಂಪು ಬಂಡೆ ಎರಡೂ ನೀರಿನಲ್ಲಿ ಕಾಣುತ್ತವೆ. ಹಿನ್ನೀರಿನ ಅಂಚು ಕೆಸರು, ಏರಿಯ ಮೇಲಿಂದಲೇ ನೋಡಿ. ದರೋಜಿಯ ಕರಡಿಧಾಮವನ್ನೂ ಇದೇ ದಿನಕ್ಕೆ ಸೇರಿಸಲು ಹಲವರು ನೋಡುತ್ತಾರೆ. ಕರಡಿ ನೋಡಲು ಗೋಪುರದ ಮೇಲೆ ಸದ್ದಿಲ್ಲದೆ ಎರಡು ತಾಸು ಕೂರಬೇಕು. ಬೆಳಿಗ್ಗೆಯಿಂದ ಅಲೆದ ಏಳು ವರ್ಷದ ಮಗುವಿಗೆ ಅದು ಆಗದ ಮಾತು, ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಜಲದುರ್ಗವನ್ನು ಈ ಮಳೆಗಾಲಕ್ಕೆ ಬಿಡಿ ಎಂದೇ ಹೇಳುತ್ತೇನೆ. ಅಲ್ಲಿ ನೀರು ಭೋರ್ಗರೆಯುವ ದಿನವೇ ಹತ್ತಿರ ಹೋಗಬಾರದ ದಿನ. ಬಸವಸಾಗರದಿಂದ 1 ಲಕ್ಷ ಕ್ಯುಸೆಕ್ ಬಿಟ್ಟರು ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಹೊರಹರಿವು ಇನ್ನೂ ಏರಿದರೆ ಶೀಲಹಳ್ಳಿ ಸೇತುವೆ ಮುಳುಗಿ ಜಲದುರ್ಗ, ಹಂಚಿನಾಳದಂಥ ನಡುಗಡ್ಡೆಯ ಊರುಗಳ ದಾರಿ ಕಟ್ಟಾಗುತ್ತದೆ. ಬೆಳಿಗ್ಗೆ ದಾಟಿದ ಸೇತುವೆ ಸಂಜೆಗೆ ಇಲ್ಲದೆ ಹೋಗಬಹುದು, ಮೊಣಕಾಲು ನೋವಿನ ತಾಯಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಆಚೆ ದಡದಲ್ಲಿ ರಾತ್ರಿ ಕಳೆಯುವುದು ಬೇಡ. ನವೆಂಬರ್, ಡಿಸೆಂಬರ್‌ನಲ್ಲಿ ಹೋಗಿ, ಆಗ ನದಿ ಇಳಿದು ಬಂಡೆಗಳೆಲ್ಲ ಹೊರಗೆ ಬಂದಿರುತ್ತವೆ, ಕೋಟೆಯನ್ನೂ ನಿಧಾನವಾಗಿ ಸುತ್ತಬಹುದು. ದೊಡ್ಡ ನೀರನ್ನೇ ನೋಡಬೇಕೆಂದರೆ ನಿಮ್ಮ ಮನೆಯ ಹತ್ತಿರವೇ ಮುನಿರಾಬಾದ್ ಇದೆ. ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಲ್ಲಿ ಕೆಲವನ್ನಾದರೂ ಎತ್ತಿದ ದಿನ ದೂರದಿಂದ ನೋಡಿ ಬನ್ನಿ. ಅಲ್ಲಿಂದ ಕೆಳಗೆ ಸಣಾಪುರ, ಆನೆಗುಂದಿ ಕಡೆ ಬಂಡೆಯಿಂದ ನದಿಗೆ ಹಾರುವವರನ್ನು ಕಂಡು ಮಕ್ಕಳು ಆಸೆಪಟ್ಟರೆ ಖಡಾಖಂಡಿತ ಬೇಡ ಅನ್ನಿ. ಆ ಕಣಶಿಲೆಯ ತಳದಲ್ಲಿ ಬಂಡೆಗಳ ಸಂದಿ, ಗವಿಗಳಿವೆ, ಸೆಳೆತ ಒಳಗೆ ಎಳೆದುಕೊಂಡರೆ ಈಜು ಉಪಯೋಗಕ್ಕೆ ಬರುವುದಿಲ್ಲ.

ಆಗಸ್ಟ್ ಕೊನೆಯ ವಾರದಿಂದಲೇ ಚೀಲವೊಂದನ್ನು ಸಿದ್ಧವಾಗಿಡಿ: ಹಗ್ಗ ಮತ್ತು ಕ್ಯಾನು, ಊರುಗೋಲು, ಟವೆಲ್, ಇನ್ನೊಂದು ಜೊತೆ ಬಟ್ಟೆ, ಮಕ್ಕಳ ಕೊರಳಿಗೆ ಒಂದೊಂದು ಸೀಟಿ, ಟಾರ್ಚು, ಗಾಳಿ ಅಳೆಯುವ ಮೀಟರ್. ಶನಿವಾರ ರಾತ್ರಿ ಎಂಟಕ್ಕೆ ಒಂದು ಫೋನು, ಭಾನುವಾರ ನಸುಕಿನ ಐದಕ್ಕೆ ಇನ್ನೊಂದು. ಎರಡನೇ ಫೋನನ್ನು ಬಿಡಬೇಡಿ, ಹಳ್ಳ ಹೆಚ್ಚಾಗಿ ಆ ಎರಡರ ನಡುವೆಯೇ ಬರುತ್ತದೆ.